ಕಿಡಿಯ ಹದ: ಓಟದ ಕಾರಿಗೆ ಸ್ಪಾರ್ಕ್ ಪ್ಲಗ್ ಆರಿಸಿದ ಚರಿತ್ರೆ

1930ರ ದಶಕದಲ್ಲಿ ಯುರೋಪಿನ ಗ್ರಾಂಪ್ರಿ ಪಂದ್ಯಗಳು ಆರಂಭವಾಗುವ ಮುನ್ನ ದೊಡ್ಡ ತಂಡಗಳ ಬಿಡಾರಗಳಲ್ಲಿ ಒಂದು ವಿಧಿ ನಡೆಯುತ್ತಿತ್ತು. ಮೆಕ್ಯಾನಿಕ್ಕುಗಳು ಮೊದಲು 'ಮೃದು' ಎಂದು ಕರೆಯಲಾಗುತ್ತಿದ್ದ ಸ್ಪಾರ್ಕ್ ಪ್ಲಗ್ಗುಗಳನ್ನು ಹಾಕಿ ಎಂಜಿನ್ ಚಾಲೂ ಮಾಡುತ್ತಿದ್ದರು. ಎಂಜಿನ್ನೂ ಅದರೊಳಗಿನ ಎಣ್ಣೆಯೂ ಸಾಕಷ್ಟು ಕಾದ ಮೇಲೆ ನಿಲ್ಲಿಸಿ, ಆ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಕೈ ಸುಡುವಂತಿದ್ದ ಎಂಜಿನ್ನಿಗೆ 'ಗಡಸು' ಪ್ಲಗ್ಗುಗಳ ಬೇರೊಂದು ಸೆಟ್ಟನ್ನು ತಿರುಪುತ್ತಿದ್ದರು. 1937ರ ಮರ್ಸಿಡಿಸ್ ಡಬ್ಲ್ಯೂ 125 ಕಾರಿಗೆ ಎಂಟು ಸಿಲಿಂಡರುಗಳು. ಅದರ ಎದುರಾಳಿಯಾದ ಆಟೋ ಯೂನಿಯನ್ ಕಾರಿಗೆ ಹದಿನಾರು. ಅಷ್ಟನ್ನೂ ಬದಲಾಯಿಸಿದ ಮೇಲೆಯೇ ಕಾರು ಗೆರೆಯ ಬಳಿಗೆ ಬರುತ್ತಿತ್ತು.

ಈ ಶ್ರಮವೆಲ್ಲ ಏಕೆ? ಮೃದು ಪ್ಲಗ್ಗನ್ನೇ ಇಟ್ಟುಕೊಂಡು ಓಡಿದ್ದರೆ ಕೆಲವೇ ನಿಮಿಷಗಳ ವೇಗಕ್ಕೆ ಅದು ಕೆಂಡವಾಗಿ ಪಿಸ್ಟನ್ನನ್ನೇ ತೂತು ಮಾಡುವ ಭಯವಿತ್ತು. ಗಡಸು ಪ್ಲಗ್ಗಿನಿಂದಲೇ ಆರಂಭಿಸಹೋದರೆ, ತಣ್ಣಗಿರುವ ಎಂಜಿನ್ನಿನ ಎಣ್ಣೆ ಮತ್ತು ಮಸಿ ಅದಕ್ಕೆ ಮೆತ್ತಿಕೊಂಡು ಕಿಡಿಯೇ ಹಾರುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಪಂದ್ಯದ ಕಾರಿಗೆ ಎರಡು ಸೆಟ್ ಪ್ಲಗ್ಗುಗಳೂ ಅವನ್ನು ಬದಲಿಸುವ ನುರಿತ ಕೈಗಳೂ ಇದ್ದವು. ಆದರೆ ಅದೇ ಬಗೆಯ ಬಿರುಸಿನ ಎಂಜಿನ್ನನ್ನು ಹೊತ್ತ ಸ್ಪೋರ್ಟ್ಸ್ ಕಾರು ಬೆಳಿಗ್ಗೆ ಪೇಟೆಯ ದಟ್ಟಣೆಯಲ್ಲಿ ತೆವಳಬೇಕು, ಮಧ್ಯಾಹ್ನ ಹೆದ್ದಾರಿಯಲ್ಲಿ ಹಾರಬೇಕು. ಎರಡಕ್ಕೂ ಒಂದೇ ಪ್ಲಗ್ಗು. ಆ ಒಂದು ಪ್ಲಗ್ಗನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಎಂಜಿನಿಯರುಗಳು ಒಂದು ಶತಮಾನವನ್ನೇ ಕಳೆದರು.

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಹಳೆಯದೊಂದು ಪೋರ್ಷೆ ಕಾರನ್ನು ಕೊಂಡ ಸಂಭ್ರಮದಲ್ಲಿ, "ಸರ್, ಎಲ್ಲಕ್ಕಿಂತ ಒಳ್ಳೆಯ ಪ್ಲಗ್ ಯಾವುದು? ಬೆಲೆ ಎಷ್ಟಾದರೂ ಚಿಂತೆಯಿಲ್ಲ" ಎಂದು ನನ್ನನ್ನು ಕೇಳಿದ್ದರು. ಈ ಬರಹಕ್ಕೆ ಅವರ ಪ್ರಶ್ನೆಯೇ ನಿಮಿತ್ತ. ಪ್ರಶ್ನೆಯಲ್ಲಿರುವ 'ಒಳ್ಳೆಯ' ಎಂಬ ಪದವನ್ನು ತೆಗೆದು 'ಹೊಂದುವ' ಎಂಬ ಪದವನ್ನು ಅಲ್ಲಿರಿಸಬೇಕೆಂಬುದೇ ನಾನು ಹೇಳಬೇಕಾಗಿರುವ ಮಾತು. ಅದು ಹೀಗೇಕೆ ಎಂಬುದನ್ನು ಚರಿತ್ರೆಯೇ ತೋರಿಸುತ್ತದೆ.

ಮೊದಲು ಆ ಪುಟ್ಟ ಸಾಧನದ ಕೆಲಸವನ್ನು ನೋಡೋಣ. ನಡುವೆ ಒಂದು ಲೋಹದ ಕಡ್ಡಿ. ಅದರ ಸುತ್ತ ವಿದ್ಯುತ್ತು ಹರಿಯದಂತೆ ತಡೆಯುವ ಪಿಂಗಾಣಿಯಂಥ ಕವಚ. ಅದರ ಹೊರಗೆ ಮರೆಯಿರುವ ಉಕ್ಕಿನ ಮೈ. ಕಡ್ಡಿಯ ತುದಿಗೂ ಹೊರಮೈಯಿಂದ ಬಾಗಿ ಬಂದ ಕೊಕ್ಕೆಗೂ ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ಸಂದು. ಸಾವಿರಾರು ವೋಲ್ಟುಗಳ ಒತ್ತಡಕ್ಕೆ ಆ ಸಂದಿನಲ್ಲಿ ಕಿಡಿ ಹಾರಿ, ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಳ್ಳುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 7,200 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ ನಿಮಿಷಕ್ಕೆ 3,600 ಬಾರಿ, ಎಂದರೆ ಸೆಕೆಂಡಿಗೆ 60 ಬಾರಿ, ಈ ಕಿಡಿ ಹಾರಬೇಕು. ಪ್ರತಿ ಬಾರಿಯೂ 2,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಉರಿ ಪ್ಲಗ್ಗಿನ ತುದಿಯನ್ನು ನೆಕ್ಕಿ ಹೋಗುತ್ತದೆ. ಮರುಕ್ಷಣವೇ ತಣ್ಣನೆಯ ಹೊಸ ಮಿಶ್ರಣ ಬಂದು ಬಡಿಯುತ್ತದೆ.

ಈ ಬಿಸಿ ಎಲ್ಲಿಗೆ ಹೋಗಬೇಕು? ಬಹುಪಾಲು ಬಿಸಿ ಕವಚದ ಮೂತಿಯಿಂದ ಉಕ್ಕಿನ ಮೈಗೆ, ಅಲ್ಲಿಂದ ಮರೆಯ ಮೂಲಕ ಸಿಲಿಂಡರಿನ ತಲೆಗೆ ಹರಿದು ಹೋಗುತ್ತದೆ. ಮೂತಿ ಗಿಡ್ಡವಾಗಿದ್ದರೆ ಬಿಸಿಯ ದಾರಿ ಹತ್ತಿರ, ತುದಿ ಬೇಗ ತಣಿಯುತ್ತದೆ. ಮೂತಿ ಉದ್ದವಾಗಿದ್ದರೆ ದಾರಿ ದೂರ, ತುದಿ ಕಾದೇ ಇರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಬಿಟ್ಟ ಕಬ್ಬಿಣದ ಸೌಟನ್ನು ನೆನೆದುಕೊಳ್ಳಿ: ಹಿಡಿ ಗಿಡ್ಡವಾದರೆ ಬಿಸಿ ಬೇಗನೆ ಕೈಗೆ ಮುಟ್ಟುತ್ತದೆ, ಉದ್ದವಾದರೆ ನಿಧಾನ. ಬೇಗ ಬಿಸಿ ಬಿಟ್ಟುಕೊಡುವ ಪ್ಲಗ್ಗಿಗೆ 'ತಣ್ಣನೆಯ ಪ್ಲಗ್' ಎಂದೂ, ಹಿಡಿದಿಟ್ಟುಕೊಳ್ಳುವ ಪ್ಲಗ್ಗಿಗೆ 'ಬಿಸಿ ಪ್ಲಗ್' ಎಂದೂ ಹೆಸರು. ಹಿಂದಿನವರ ಗಡಸು ಮತ್ತು ಮೃದು ಪ್ಲಗ್ಗುಗಳು ಇವೇ. ಈ ಗುಣದ ಅಳತೆಗೆ ಹೀಟ್ ರೇಂಜ್ ಎನ್ನುತ್ತಾರೆ. ಕನ್ನಡದಲ್ಲಿ ಉಷ್ಣಶ್ರೇಣಿ ಎನ್ನಬಹುದು.

ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿಗಿಂತ ಹೆಚ್ಚು ಕಾದಿದ್ದರೆ, ಮೆತ್ತಿದ ಮಸಿ ತಾನಾಗಿಯೇ ಸುಟ್ಟುಹೋಗಿ ಮೂತಿ ಶುಚಿಯಾಗಿರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕೂರುತ್ತದೆ. ಮಸಿ ವಿದ್ಯುತ್ತನ್ನು ಹರಿಯಗೊಡುವುದರಿಂದ, ಸಂದಿನಲ್ಲಿ ಹಾರಬೇಕಾದ ಕಿಡಿ ಮಸಿಯ ಮೇಲಿಂದ ಸೋರಿಹೋಗುತ್ತದೆ. ತುದಿ 850 ಡಿಗ್ರಿಯನ್ನು ಬಹಳವಾಗಿ ಮೀರಿದರೆ ಅದೇ ಒಂದು ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮೇಲಿನಿಂದ ಉರಿಯ ಒತ್ತಡ ಬೀಳುತ್ತದೆ. ಬಿಸಿ ಇನ್ನಷ್ಟು ಏರುತ್ತದೆ. ಮುಂದಿನ ಬಾರಿ ಮಿಶ್ರಣ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಪೂರ್ಣ ವೇಗದಲ್ಲಿ ಹೀಗಾದರೆ ಅಲ್ಯೂಮಿನಿಯಮ್ಮಿನ ಪಿಸ್ಟನ್ ಕೆಲವೇ ಕ್ಷಣಗಳಲ್ಲಿ ಕರಗಬಲ್ಲುದು. ಪ್ಲಗ್ಗಿನ ಚರಿತ್ರೆಯೆಲ್ಲ ಈ ಎರಡು ಗಡಿಗಳ ನಡುವೆ ನಡೆದದ್ದು.

ಕಿಡಿಯಿಂದ ಅನಿಲವನ್ನು ಹೊತ್ತಿಸಬಹುದೆಂಬ ತಿಳಿವು ಮೋಟಾರಿಗಿಂತ ಹಳೆಯದು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1770ರ ದಶಕದಲ್ಲಿಯೇ ಜೌಗು ನೆಲದ ಅನಿಲವನ್ನು ಒಂದು ಪಾತ್ರೆಯಲ್ಲಿ ತುಂಬಿ, ವಿದ್ಯುತ್ ಕಿಡಿಯಿಂದ ಸಿಡಿಸಿ ತೋರಿಸಿದ್ದ. ಅದಕ್ಕೆ ವೋಲ್ಟಾನ ಪಿಸ್ತೂಲು ಎಂದೇ ಹೆಸರಾಯಿತು. 1860ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಎಟಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿನಲ್ಲಿ ಸುರುಳಿಯೊಂದರಿಂದ ಹುಟ್ಟಿಸಿದ ಕಿಡಿಯನ್ನು ಬಳಸಿದ. ಇಂದಿನ ಪ್ಲಗ್ಗಿನ ಮೂಲರೂಪ ಅಲ್ಲಿಯೇ ಕಾಣುತ್ತದೆ. ಆದರೆ ಆ ಎಂಜಿನ್ನಿನ ಗತಿ ತೀರ ನಿಧಾನವಾಗಿದ್ದುದರಿಂದ ಬಿಸಿಯ ಸಮಸ್ಯೆ ಇನ್ನೂ ತಲೆಯೆತ್ತಿರಲಿಲ್ಲ.

1883ರಲ್ಲಿ ಗಾಟ್ಲೀಬ್ ಡೈಮ್ಲರ್ ವೇಗದ ಎಂಜಿನ್ ಕಟ್ಟುವಾಗ ಕಿಡಿಯನ್ನು ನಂಬದೆ, ಹೊರಗಿನ ದೀಪದಿಂದ ಕಾಯಿಸಿದ ಕೊಳವೆಯೊಂದನ್ನು ಸಿಲಿಂಡರಿನೊಳಕ್ಕೆ ಚಾಚಿದ. ಮಿಶ್ರಣ ಆ ಬಿಸಿ ಕೊಳವೆಗೆ ತಾಗಿ ಹೊತ್ತುತ್ತಿತ್ತು. ಕಾರ್ಲ್ ಬೆಂಜ್ 1886ರ ತನ್ನ ಮೂರು ಚಕ್ರದ ಗಾಡಿಗೆ ಬ್ಯಾಟರಿ, ಸುರುಳಿ ಮತ್ತು ಪ್ಲಗ್ಗನ್ನೇ ಆರಿಸಿಕೊಂಡ. 1888ರಲ್ಲಿ ಅವನ ಪತ್ನಿ ಬೆರ್ಟಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ಪೋರ್ಟ್ಸ್‌ಹೈಮಿಗೆ ಅದೇ ಬಗೆಯ ಗಾಡಿಯಲ್ಲಿ ಹೋದಳಷ್ಟೆ. ದಾರಿಯಲ್ಲಿ ಸವೆದ ಕಿಡಿಯ ತಂತಿಗೆ ಅವಳು ತನ್ನ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳೆಂದು ಹೇಳುತ್ತಾರೆ. ಮೊದಲ ದೂರಪ್ರಯಾಣದಲ್ಲಿಯೇ ತೊಂದರೆ ಕೊಟ್ಟ ಭಾಗಗಳಲ್ಲಿ ಕಿಡಿಯ ವ್ಯವಸ್ಥೆಯೂ ಒಂದಾಗಿತ್ತು ಎಂಬುದು ಗಮನಾರ್ಹ.

ಇಂದಿನ ಪ್ಲಗ್ಗಿನ ನೇರ ಪೂರ್ವಜ ಹುಟ್ಟಿದ್ದು ಸ್ಟಟ್‌ಗಾರ್ಟ್ ನಗರದಲ್ಲಿ, 1886ರಲ್ಲಿ ರಾಬರ್ಟ್ ಬಾಶ್ ತೆರೆದಿದ್ದ ಕಾರ್ಯಾಗಾರದಲ್ಲಿ. ಅವನ ಎಂಜಿನಿಯರ್ ಗಾಟ್ಲೋಬ್ ಹೋನೋಲ್ಡ್ ಬ್ಯಾಟರಿಯ ಹಂಗಿಲ್ಲದೆ ಅಧಿಕ ವೋಲ್ಟೇಜನ್ನು ಹುಟ್ಟಿಸುವ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಒಟ್ಟಿಗೆ ರೂಪಿಸಿದ. 1902ರ ಜನವರಿಯಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕಿಡಿ ಒಮ್ಮೆ ನಂಬಿಕೆಗೆ ಅರ್ಹವಾದೊಡನೆ ಎಂಜಿನ್ನುಗಳ ವೇಗ ಏರಿತು. ವೇಗದೊಂದಿಗೆ ಬಿಸಿಯೂ ಏರಿತು. ಆ ಬಿಸಿಯ ಭಾರವನ್ನು ಹೊರಬೇಕಾದದ್ದು ಪ್ಲಗ್ಗಿನ ಪಿಂಗಾಣಿ.

ಅದೇ ವರ್ಷಗಳಲ್ಲಿ ಪ್ಲಗ್ಗಿನ ವ್ಯಾಪಾರ ಎಲ್ಲೆಡೆ ಚಿಗುರಿತು. ಇಂಗ್ಲೆಂಡಿನಲ್ಲಿ ನಿಸ್ತಂತು ವಿಜ್ಞಾನದ ಪ್ರವರ್ತಕರಲ್ಲೊಬ್ಬರಾದ ಸರ್ ಆಲಿವರ್ ಲಾಡ್ಜ್ ಅವರ ಮಕ್ಕಳು ಲಾಡ್ಜ್ ಪ್ಲಗ್ಗುಗಳ ಉದ್ಯಮ ಆರಂಭಿಸಿದರು. 1899ರ ಪ್ಯಾರಿಸ್-ರೂಬೆ ಸೈಕಲ್ ಪಂದ್ಯವನ್ನು ಗೆದ್ದಿದ್ದ ಫ್ರೆಂಚ್ ಸವಾರ ಆಲ್ಬರ್ಟ್ ಚಾಂಪಿಯನ್ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನಲ್ಲಿ ತನ್ನ ಹೆಸರಿನ ಕಂಪನಿ ಸ್ಥಾಪಿಸಿದ. ಪಾಲುದಾರರಿಂದ ಬೇರೆಯಾದಾಗ ತನ್ನ ಹೆಸರನ್ನೇ ಅವರಿಗೆ ಬಿಟ್ಟುಕೊಡಬೇಕಾಯಿತು. ಬಳಿಕ 1908ರಲ್ಲಿ ಫ್ಲಿಂಟ್ ಪಟ್ಟಣದಲ್ಲಿ ಹೊಸದೊಂದು ಕಾರ್ಖಾನೆ ತೆರೆದು, ಮುಂದೆ ತನ್ನ ಹೆಸರಿನ ಮೊದಲಕ್ಷರಗಳಾದ 'ಎಸಿ' ಎಂಬ ಮುದ್ರೆಯಲ್ಲಿ ಪ್ಲಗ್ ಮಾರಿದ. ಹೀಗೆ ಅಮೆರಿಕದ ಎರಡು ಪ್ರತಿಸ್ಪರ್ಧಿ ಪ್ಲಗ್ಗುಗಳು ಒಬ್ಬನೇ ಮನುಷ್ಯನ ಹೆಸರನ್ನು ಹಂಚಿಕೊಂಡವು.

ಆದರೆ ಪಂದ್ಯದ ಹಾದಿಯಲ್ಲಿ ಪಿಂಗಾಣಿ ಸೀಳುತ್ತಿತ್ತು. ಲೋಹ ಬಿಸಿಗೆ ಹಿಗ್ಗುವಷ್ಟು ಪಿಂಗಾಣಿ ಹಿಗ್ಗುವುದಿಲ್ಲ. ಥಟ್ಟನೆ ಕಾದು ಥಟ್ಟನೆ ತಣಿದರೆ ಬಿರುಕು ಬಿಡುತ್ತದೆ. ಮದ್ಯ ತಯಾರಿಕೆಗೆ ಹೆಸರಾದ ಗಿನ್ನೆಸ್ ಮನೆತನದ ಕೆನೆಲ್ಮ್ ಲೀ ಗಿನ್ನೆಸ್ ಎಂಬ ಪಂದ್ಯದ ಚಾಲಕ ಇದರಿಂದ ಬೇಸತ್ತು, ಲಂಡನ್ನಿನ ಹೊರವಲಯದ ಪಟ್ನಿ ವೇಲ್‌ನಲ್ಲಿ ತಾನೇ ಪ್ಲಗ್ ತಯಾರಿಸತೊಡಗಿದ. ಅವನ ಹೆಸರಿನ ಮೊದಲಕ್ಷರಗಳಿಂದ ಅವು 'ಕೆಎಲ್‌ಜಿ' ಎಂದು ಪ್ರಸಿದ್ಧವಾದವು. ಅವನು ಪಿಂಗಾಣಿಯನ್ನು ಬಿಟ್ಟು ಅಭ್ರಕವನ್ನು, ನಮ್ಮ ಕಡೆ ಕಾಗೆಬಂಗಾರ ಎನ್ನುವ ಖನಿಜವನ್ನು ಬಳಸಿದ. ಅದರ ತೆಳುವಾದ ಬಿಲ್ಲೆಗಳನ್ನು ಕಡ್ಡಿಗೆ ಪೋಣಿಸಿ, ಬಲವಾಗಿ ಒತ್ತಿ, ಕಡೆದು ನುಣುಪುಗೊಳಿಸಿದರೆ ಬಿಸಿಗೆ ಸೀಳದ ಕವಚ ಸಿದ್ಧವಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಈ ಪ್ಲಗ್ಗುಗಳು ಬ್ರಿಟಿಷ್ ವಿಮಾನಗಳಿಗೂ ಹೋದವು. 1922ರ ಮೇ ತಿಂಗಳಿನಲ್ಲಿ ಗಿನ್ನೆಸ್ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ, ವಿಮಾನದ ಎಂಜಿನ್ ಹೊತ್ತ ಸನ್‌ಬೀಮ್ ಕಾರನ್ನು ಗಂಟೆಗೆ 133.75 ಮೈಲಿ ವೇಗದಲ್ಲಿ ಓಡಿಸಿ ಭೂಮಿಯ ಮೇಲಿನ ವೇಗದ ದಾಖಲೆ ಸ್ಥಾಪಿಸಿದ. ಅದು ಸುಮಾರು 215 ಕಿಲೋಮೀಟರು.

ಆ ಕಾಲದಲ್ಲಿ ಲೋಕದ ಮಾರುಕಟ್ಟೆಗೆ ಬರುತ್ತಿದ್ದ ಹಾಳೆ ಅಭ್ರಕದ ಬಹುಪಾಲು ನಮ್ಮ ದೇಶದ್ದು. ಬಿಹಾರದ (ಈಗಿನ ಜಾರ್ಖಂಡದ) ಕೋಡರ್ಮಾ ಮತ್ತು ಹಜಾರಿಬಾಗ್ ಸೀಮೆ, ಅದರ ಬಳಿಕ ನೆಲ್ಲೂರು ಸೀಮೆ ಇದಕ್ಕೆ ಹೆಸರಾಗಿದ್ದವು. ಅಭ್ರಕದ ಗಟ್ಟಿಯನ್ನು ಪದರ ಪದರವಾಗಿ ಬಿಡಿಸುವುದು ಯಂತ್ರಕ್ಕೆ ಒಗ್ಗದ ನಾಜೂಕಿನ ಕೆಲಸ. ಹೆಂಗಸರೂ ಮಕ್ಕಳೂ ನೆಲದ ಮೇಲೆ ಕುಳಿತು ಚಾಕುವಿನಿಂದ ಅದನ್ನು ಬಿಡಿಸುತ್ತಿದ್ದರು. ಪಂದ್ಯಗಳ ಚರಿತ್ರೆಯಲ್ಲಿ ಚಾಲಕರ ಹೆಸರುಗಳು ಉಳಿದಿವೆ. ಪದರ ಬಿಡಿಸಿದ ಕೈಗಳ ಹೆಸರು ಒಂದೂ ಉಳಿದಿಲ್ಲ. ಚರಿತ್ರೆ ಬೋಧಿಸುವವರು ತರಗತಿಯಲ್ಲಿ ಇದನ್ನೂ ಒಂದು ಮಾತು ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಅಭ್ರಕದ ಆಳ್ವಿಕೆಯೂ ಬಹುಕಾಲ ನಡೆಯಲಿಲ್ಲ. ಎಂಜಿನ್ನಿನ 'ನಾಕಿಂಗ್' ಅಥವಾ ಕುಟ್ಟುವಿಕೆಯನ್ನು ತಡೆಯಲು 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸತೊಡಗಿದರು. ಉರಿದ ಸೀಸದ ಉಳಿಕೆ ಅಭ್ರಕವನ್ನು ತಿನ್ನುತ್ತಿತ್ತು. ಪದರಗಳ ನಡುವೆ ಎಣ್ಣೆಯೂ ಇಳಿಯುತ್ತಿತ್ತು. ಪರಿಹಾರ ದೊರೆತದ್ದು 1930ರ ದಶಕದಲ್ಲಿ. ಅಲ್ಯೂಮಿನಿಯಮ್ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಒತ್ತಿ, ಅತಿ ಹೆಚ್ಚಿನ ಬಿಸಿಯಲ್ಲಿ ಸುಟ್ಟು ಗಟ್ಟಿಗೊಳಿಸಿದ ಕವಚವನ್ನು ಜರ್ಮನಿಯ ಸೀಮೆನ್ಸ್ ಮತ್ತು ಇಂಗ್ಲೆಂಡಿನ ಲಾಡ್ಜ್ ಕಂಪನಿಗಳು ರೂಪಿಸಿದವು. ಇದು ಪಿಂಗಾಣಿಯಂತೆ ಕಂಡರೂ ಬಿಸಿಯನ್ನು ಅದಕ್ಕಿಂತ ಎಷ್ಟೋ ಚೆನ್ನಾಗಿ ಸಾಗಿಸುತ್ತದೆ, ಬಿರುಕಿಗೂ ಸುಲಭವಾಗಿ ಮಣಿಯುವುದಿಲ್ಲ. ಇಂದು ನಮ್ಮ ಕೈಗೆ ಸಿಗುವ ಪ್ಲಗ್ಗಿನ ಬಿಳಿಯ ಮೈ ಇದರ ವಂಶದ್ದೇ.

ಒಂದೇ ಕಂಪನಿ ಹಲವು ಉಷ್ಣಶ್ರೇಣಿಗಳ ಪ್ಲಗ್ಗುಗಳನ್ನು ತಯಾರಿಸತೊಡಗಿದ ಮೇಲೆ ಅವುಗಳಿಗೆ ಅಂಕಿಗಳು ಬಂದವು. ಅಂಕಿಗಳೊಡನೆ ಗೊಂದಲವೂ ಬಂತು. ಬಾಶ್ ಕಂಪನಿಯ ಹಳೆಯ ಪದ್ಧತಿಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು: 145 ಬಿಸಿ, 175 ಅದಕ್ಕಿಂತ ತಣ್ಣಗೆ, 225 ಇನ್ನೂ ತಣ್ಣಗೆ. ಮುಂದೆ ಅದೇ ಕಂಪನಿ ಚಿಕ್ಕ ಅಂಕಿಗಳ ಹೊಸ ಪದ್ಧತಿಯನ್ನು ತಂದಾಗ ಕ್ರಮವೇ ತಲೆಕೆಳಗಾಯಿತು: 145 ಎಂಬುದು 8 ಆಯಿತು, 175 ಎಂಬುದು 7, 225 ಎಂಬುದು 5. 1936ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ಎನ್‌ಜಿಕೆ ಕಂಪನಿಯ ಅಂಕಿಗಳಲ್ಲಿ ದೊಡ್ಡದೆಂದರೆ ತಣ್ಣನೆಯದು. ಅಮೆರಿಕದ ಚಾಂಪಿಯನ್ ಪ್ಲಗ್ಗುಗಳಲ್ಲಿ ದೊಡ್ಡದೆಂದರೆ ಬಿಸಿಯದು. ಒಂದು ಕಂಪನಿಯ ಲೆಕ್ಕದಲ್ಲಿ 'ಒಂದು ಮೆಟ್ಟಿಲು ತಣ್ಣಗೆ' ಹೋಗುವೆನೆಂದುಕೊಂಡು ಇನ್ನೊಂದು ಕಂಪನಿಯ ದೊಡ್ಡ ಅಂಕಿಯ ಪ್ಲಗ್ಗನ್ನು ತಿರುಪಿದವನು ತಿಳಿಯದೆಯೇ ತನ್ನ ಎಂಜಿನ್ನಿಗೆ ಕೊಳ್ಳಿ ಇಟ್ಟಂತಾಗುತ್ತದೆ. ಆದ್ದರಿಂದ ಅಂಕಿಯನ್ನು ಅಂಕಿಯೊಡನೆ ಹೋಲಿಸದೆ, ಕಂಪನಿಗಳೇ ಪ್ರಕಟಿಸುವ ಸಮಾನತೆಯ ಪಟ್ಟಿಯನ್ನು ನೋಡಬೇಕು.

ಈ ಅಂಕಿಗಳು ನಮಗೆ ದೂರದವಲ್ಲ. 1951ರಲ್ಲಿ ಬಾಶ್ ಕಂಪನಿಯ ಸಹಯೋಗದಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ನಮ್ಮೆಲ್ಲರ ಬಾಯಲ್ಲಿ 'ಮೈಕೊ', ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಶ್ ಲಿಮಿಟೆಡ್ ಎಂದಾಯಿತು. ಎರಡು ಸ್ಟ್ರೋಕಿನ ಸ್ಕೂಟರು, ಬೈಕುಗಳ ಕಾಲದವರಿಗೆ ಪ್ಲಗ್ಗಿನ ಪರಿಚಯ ಬೇರೆ ಹೇಳಬೇಕಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕಾಗಿದ್ದ ಆ ಗಾಡಿಗಳ ಪ್ಲಗ್ಗಿಗೆ ಕಾರ್ಬನ್ ಹಿಡಿಯುವುದು ನಿತ್ಯದ ಸಂಗತಿ. ರಸ್ತೆಯ ಬದಿಯಲ್ಲಿ ಗಾಡಿಯನ್ನು ವಾಲಿಸಿ ನಿಲ್ಲಿಸಿ, ಪ್ಲಗ್ ಸ್ಪ್ಯಾನರಿನಿಂದ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಊದಿ, ಮತ್ತೆ ತಿರುಪಿ ಕಿಕ್ ಹೊಡೆದವರು ನನ್ನ ಓದುಗರಲ್ಲಿ ಅನೇಕರಿರಬಹುದು. ಡಿಕ್ಕಿಯಲ್ಲಿ ಇನ್ನೊಂದು ಪ್ಲಗ್ ಇರಿಸಿಕೊಳ್ಳುವುದು ಜಾಣತನವೆನಿಸಿತ್ತು. ಗ್ರಾಂಪ್ರಿಯ ಮೆಕ್ಯಾನಿಕ್ಕುಗಳನ್ನು ಕಾಡಿದ ಮಸಿಯೇ ನಮ್ಮನ್ನೂ ಕಾಡಿತ್ತು.

ಈಗ ಸ್ಪೋರ್ಟ್ಸ್ ಕಾರಿಗೆ ಬರೋಣ. ಎರಡನೆಯ ಮಹಾಯುದ್ಧದ ಬಳಿಕ ಪಂದ್ಯದ ಎಂಜಿನ್ನುಗಳ ರಕ್ತ ರಸ್ತೆಯ ಕಾರುಗಳಿಗೂ ಹರಿಯಿತು. ಫೆರಾರಿಯ ಮೂರು ಲೀಟರಿನ ವಿ-12 ಎಂಜಿನ್ನಿನಲ್ಲಿ ಮೊದಲು ಪ್ಲಗ್ಗುಗಳು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಹುದುಗಿದ್ದವು. 1957-58ರ ಟೆಸ್ಟಾ ರೋಸಾ ಕಾರಿನಲ್ಲಿ ಅವನ್ನು ಹೊರಬದಿಗೆ ತಂದರು. ಕೈ ಸಲೀಸಾಗಿ ತಲುಪಿತು, ಒಳಬದಿಯಲ್ಲಿ ಗಾಳಿಯ ದಾರಿಗೂ ಜಾಗ ದೊರೆಯಿತು. ಆ ಕಾರು 1958ರಲ್ಲಿ ಲೆಮಾನ್ ಪಂದ್ಯವನ್ನು ಗೆದ್ದಿತು. ಇಪ್ಪತ್ತನಾಲ್ಕು ಗಂಟೆ ಓಡುವ ಪಂದ್ಯದಲ್ಲಿ ಹನ್ನೆರಡು ಪ್ಲಗ್ಗುಗಳಲ್ಲಿ ಒಂದು ಸತ್ತರೂ ಅದನ್ನು ಎಷ್ಟು ಬೇಗ ಬದಲಿಸಬಹುದು ಎಂಬುದು ಸೋಲು ಗೆಲುವಿನ ಪ್ರಶ್ನೆಯೇ. ಪೋರ್ಷೆಯವರು ಇನ್ನೊಂದು ದಾರಿ ಹಿಡಿದು, ಪಂದ್ಯದ ಎಂಜಿನ್ನುಗಳಲ್ಲಿ ಸಿಲಿಂಡರಿಗೆ ಎರಡೆರಡು ಪ್ಲಗ್ ಇರಿಸಿದರು. 1970ರಲ್ಲಿ ಲೆಮಾನ್ ಗೆದ್ದ ಅವರ 917 ಕಾರಿನಲ್ಲಿ ಹನ್ನೆರಡು ಸಿಲಿಂಡರಿಗೆ ಇಪ್ಪತ್ತನಾಲ್ಕು ಪ್ಲಗ್ಗುಗಳಿದ್ದವು.

ಒಂದೇ ಪ್ಲಗ್ಗಿನಿಂದ ಎರಡು ಲೋಕಗಳನ್ನು ನಿಭಾಯಿಸುವ ಕಷ್ಟಕ್ಕೆ ನನಗೆ ತೋರುವ ಉತ್ತಮ ಉದಾಹರಣೆ ಪೋರ್ಷೆ 911 ಎಸ್. 1966ರಲ್ಲಿ ಪ್ರಕಟವಾದ ಈ ಕಾರಿನ ಎರಡು ಲೀಟರಿನ ಆರು ಸಿಲಿಂಡರ್ ಎಂಜಿನ್ನು ಸಾಮಾನ್ಯ 911ರ 130 ಅಶ್ವಶಕ್ತಿಯ ಬದಲು 160 ಅಶ್ವಶಕ್ತಿ ನೀಡುತ್ತಿತ್ತು. ನಿಮಿಷಕ್ಕೆ 7,200 ಸುತ್ತುಗಳವರೆಗೆ ಏರುತ್ತಿತ್ತು. ಅಂಥ ಎಂಜಿನ್ನಿಗೆ ತಣ್ಣನೆಯ ಪ್ಲಗ್ಗೇ ಬೇಕು. ಜರ್ಮನಿಯ ಹೆದ್ದಾರಿಯಲ್ಲಿ ಅದು ಸೊಗಸಾಗಿ ನಡೆಯಿತು. ಪೇಟೆಯ ದಟ್ಟಣೆಯಲ್ಲಿ ಮಾತ್ರ ಅದೇ ಪ್ಲಗ್ಗಿಗೆ ಮಸಿ ಕಟ್ಟಿ ಎಂಜಿನ್ ಮುಗ್ಗರಿಸುತ್ತಿತ್ತು. ಬಿಸಿ ಪ್ಲಗ್ ಹಾಕಿದರೆ ಪೇಟೆಯಲ್ಲಿ ಸುಖ. ಆದರೆ ಹೆದ್ದಾರಿಯಲ್ಲಿ ಕಾಲೊತ್ತಿದ ದಿನ ಪಿಸ್ಟನ್ನಿಗೆ ಆಪತ್ತು.

ಪೋರ್ಷೆಯವರು ತಣ್ಣನೆಯ ಪ್ಲಗ್ಗನ್ನು ಬಿಟ್ಟುಕೊಡದೆ, ಅದಕ್ಕೆ ಕಿಡಿ ಕೊಡುವ ಬಗೆಯನ್ನು ಬದಲಿಸಿದರು. 1969ರ ಮಾದರಿಯಲ್ಲಿ ಇಂಧನದ ಇಂಜೆಕ್ಷನ್ನಿನೊಡನೆ ಕೆಪಾಸಿಟರ್ ಡಿಸ್‌ಚಾರ್ಜ್ ಎಂಬ ಹೊಸ ವ್ಯವಸ್ಥೆ ಬಂತು. ಇದರಲ್ಲಿ ವಿದ್ಯುತ್ತನ್ನು ಒಂದೆಡೆ ಕೂಡಿಟ್ಟು ಥಟ್ಟನೆ ಬಿಡುಗಡೆ ಮಾಡುತ್ತಾರೆ. ವೋಲ್ಟೇಜು ಎಷ್ಟು ಬೇಗ ಏರುತ್ತದೆಂದರೆ, ಮಸಿಯ ಮೇಲಿಂದ ಸೋರಿಹೋಗಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಸಂದಿನಲ್ಲಿ ಕಿಡಿ ಹಾರಿಯೇ ತೀರುತ್ತದೆ. ಗಡಸು ಪ್ಲಗ್ಗು ಹೀಗೆ ಪೇಟೆಯಲ್ಲಿಯೂ ಬಾಳತೊಡಗಿತು. ಗ್ರಾಂಪ್ರಿಯಲ್ಲಿ ಎರಡು ಸೆಟ್ ಪ್ಲಗ್ಗುಗಳು ಮಾಡುತ್ತಿದ್ದ ಕೆಲಸವನ್ನು ಒಂದೇ ಸೆಟ್ ಮಾಡಿತು.

ಪ್ಲಗ್ಗಿನೊಳಗೂ ಸುಧಾರಣೆಗಳಾದವು. ನಡುವಿನ ಕಡ್ಡಿಗೆ ತಾಮ್ರದ ತಿರುಳನ್ನಿಟ್ಟರು. ತಾಮ್ರ ಬಿಸಿಯನ್ನು ಬೇಗ ಸಾಗಿಸುವುದರಿಂದ ಮೂತಿಯನ್ನು ಉದ್ದವಾಗಿಟ್ಟರೂ ತುದಿ ಮಿತಿಮೀರಿ ಕಾಯುವುದಿಲ್ಲ. ಉದ್ದ ಮೂತಿಯಿಂದಾಗಿ ಮಸಿಯೂ ಬೇಗ ಸೋಲಿಸದು. ಮೂತಿಯನ್ನು ಸಿಲಿಂಡರಿನೊಳಕ್ಕೆ ಸ್ವಲ್ಪ ಚಾಚುವ ವಿನ್ಯಾಸವೂ ಬಂತು. ನಿಧಾನ ಗತಿಯಲ್ಲಿ ಅದು ಉರಿಗೆ ಹತ್ತಿರವಿದ್ದು ಬೇಗ ಕಾಯುತ್ತದೆ. ವೇಗದಲ್ಲಿ ಒಳಬರುವ ತಣ್ಣನೆಯ ಮಿಶ್ರಣವೇ ಅದನ್ನು ತಣಿಸುತ್ತದೆ. ಎರಡು ಗಡಿಗಳ ನಡುವಿನ ದಾರಿ ಹೀಗೆ ಅಗಲವಾಯಿತು.

ಆಮೇಲೆ ಬಂದವು ಬೆಲೆಬಾಳುವ ಲೋಹಗಳು. ನಿಕ್ಕಲ್ 1,455 ಡಿಗ್ರಿಯಲ್ಲಿ ಕರಗಿದರೆ ಪ್ಲಾಟಿನಮ್ 1,768ರಲ್ಲಿ, ಇರಿಡಿಯಮ್ ಸುಮಾರು 2,446ರಲ್ಲಿ ಕರಗುತ್ತದೆ. ಗಡಸಾದ ಲೋಹವಾದ್ದರಿಂದ ತುದಿಯನ್ನು ಬಹಳ ತೆಳುವಾಗಿಸಬಹುದು. ಜಪಾನಿನ ಡೆನ್ಸೊ ಕಂಪನಿ ಇರಿಡಿಯಮ್ ತುದಿಯನ್ನು 0.4 ಮಿಲಿಮೀಟರಿಗೆ ಇಳಿಸಿತು. ತೆಳು ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ, ಹುಟ್ಟಿದ ಉರಿಯ ಬಿಸಿಯನ್ನು ಲೋಹ ಹೀರುವುದೂ ಕಡಿಮೆ, ಸವೆತವೂ ನಿಧಾನ. ಇದರ ಲಾಭ ಬಾಳಿಕೆ ಮತ್ತು ನಂಬಿಕೆ. ಇದರಿಂದ ಅಶ್ವಶಕ್ತಿ ಹೆಚ್ಚುತ್ತದೆಂದು ತಿಳಿಯುವುದು ತಪ್ಪು. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಹದವಾದ ಸಾಮಾನ್ಯ ಪ್ಲಗ್ ಎಲ್ಲ ಬಾರಿಯೂ ಮಿಶ್ರಣವನ್ನು ಹೊತ್ತಿಸುತ್ತಿದ್ದರೆ, ದುಬಾರಿ ಪ್ಲಗ್ ಅದಕ್ಕಿಂತ ಹೆಚ್ಚಾಗಿ ಇನ್ನೇನನ್ನು ಹೊತ್ತಿಸೀತು? ಹಾಗೆಯೇ ತಣ್ಣನೆಯ ಪ್ಲಗ್ಗೂ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬೇರೆ ಕಾರಣದಿಂದ ಹುಟ್ಟಿದ ಶಕ್ತಿಯ ಬಿಸಿಯನ್ನು ತಡೆದುಕೊಳ್ಳುತ್ತದೆ, ಅಷ್ಟೆ.

ಹಾಗಾದರೆ ಆರಿಸುವ ಕ್ರಮವೇನು? ಮೊದಲನೆಯದು ಅಳತೆ. ಮರೆಯ ವ್ಯಾಸ, ಮರೆಯ ಉದ್ದ, ಕೂರುವ ಬಗೆ, ಈ ಮೂರೂ ಕರಾರುವಾಕ್ಕಾಗಿ ಹೊಂದಬೇಕು. ಮರೆ ಗಿಡ್ಡವಾದರೆ ಕಿಡಿ ಗೂಡಿನೊಳಗೇ ಅಡಗುತ್ತದೆ. ಉದ್ದವಾದರೆ ಪಿಸ್ಟನ್ನಿಗೋ ವಾಲ್ವಿಗೋ ತಾಗಬಹುದು. ಎರಡನೆಯದು ಉಷ್ಣಶ್ರೇಣಿ. ಕಾರು ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ತಯಾರಕರ ಕೈಪಿಡಿಯಲ್ಲಿರುವುದೇ ಸರಿಯಾದ ಶ್ರೇಣಿ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದ್ದರೆ, ಪ್ರತಿ 75ರಿಂದ 100 ಅಶ್ವಶಕ್ತಿಯ ಏರಿಕೆಗೆ ಒಂದು ಮೆಟ್ಟಿಲು ತಣ್ಣಗೆ ಹೋಗುವುದು ರೂಢಿಯ ಅಂದಾಜು. ಅದು ಅಂದಾಜು ಮಾತ್ರ, ಶಾಸನವಲ್ಲ. ಮೂರನೆಯದು ಸಂದು. ಅನಿಲದ ಒತ್ತಡ ಏರಿದಷ್ಟೂ ಅದೇ ಸಂದನ್ನು ದಾಟಲು ಹೆಚ್ಚು ವೋಲ್ಟೇಜು ಬೇಕೆಂಬುದನ್ನು 1889ರಲ್ಲಿಯೇ ಜರ್ಮನಿಯ ಫ್ರೀಡ್ರಿಶ್ ಪಾಶೆನ್ ಪ್ರಯೋಗದಿಂದ ತೋರಿಸಿದ್ದ. ಟರ್ಬೊ ಜೋಡಿಸಿದ ಎಂಜಿನ್ನುಗಳಲ್ಲಿ ಸಂದನ್ನು ಕಿರಿದಾಗಿಸುವುದು ಇದೇ ಕಾರಣಕ್ಕೆ. ನಾಲ್ಕನೆಯದು ಬಿಗಿ. ಸಡಿಲವಾಗಿ ತಿರುಪಿದ ಪ್ಲಗ್ಗಿನಿಂದ ಬಿಸಿ ಸಿಲಿಂಡರಿನ ತಲೆಗೆ ಹರಿಯದು. ಶ್ರೇಣಿ ಎಷ್ಟೇ ಸರಿಯಿದ್ದರೂ ತುದಿ ಕೆಂಡವಾಗುತ್ತದೆ. ಅತಿಯಾಗಿ ಬಿಗಿದರೆ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಬರುತ್ತದೆ.

ಇಷ್ಟಾದ ಮೇಲೂ ಎರಡು ಶ್ರೇಣಿಗಳ ನಡುವೆ ಅನುಮಾನ ಉಳಿದರೆ? ಇಲ್ಲಿ ಚರಿತ್ರೆ ಸ್ಪಷ್ಟವಾದ ಬುದ್ಧಿಮಾತನ್ನು ಹೇಳುತ್ತದೆ. ಎರಡು ತಪ್ಪುಗಳೂ ಸಮಾನವಲ್ಲ. ಪ್ಲಗ್ಗು ಬೇಕಾದುದಕ್ಕಿಂತ ತಣ್ಣಗಿದ್ದರೆ ಎಂಜಿನ್ ಮುಗ್ಗರಿಸುತ್ತದೆ, ಕೆಮ್ಮುತ್ತದೆ, ತನ್ನ ತೊಂದರೆಯನ್ನು ತಾನೇ ಹೇಳುತ್ತದೆ. ಬಿಚ್ಚಿ ಶುಚಿ ಮಾಡಿದರೆ ಅಥವಾ ಬದಲಿಸಿದರೆ ಆಯಿತು. ಬೇಕಾದುದಕ್ಕಿಂತ ಬಿಸಿಯಿದ್ದರೆ, ಪೇಟೆಯಲ್ಲಿ ಎಲ್ಲವೂ ಸೊಗಸಾಗಿಯೇ ಇರುತ್ತದೆ. ಪೂರ್ಣ ವೇಗದ ಒಂದು ದಿನ ಮುನ್ಸೂಚನೆಯಿಲ್ಲದೆ ಪಿಸ್ಟನ್ ಕರಗುತ್ತದೆ. ಆದ್ದರಿಂದಲೇ ಬಿರುಸಿನ ಕಾರುಗಳ ವಿಷಯದಲ್ಲಿ ಅನುಭವಿಗಳು ಅನುಮಾನವಿದ್ದಾಗ ತಣ್ಣನೆಯ ಕಡೆಗೇ ವಾಲುತ್ತಾರೆ. ತಿದ್ದಿಕೊಳ್ಳಬಹುದಾದ ತಪ್ಪಿಗೂ ತಿದ್ದಲಾಗದ ತಪ್ಪಿಗೂ ಇರುವ ಈ ಅಂತರವನ್ನು ನನ್ನ ಹಳೆಯ ವಿದ್ಯಾರ್ಥಿಗಳು ಪ್ಲಗ್ಗಿನ ಆಚೆಗೂ ಬಳಸಿಕೊಳ್ಳಬಹುದು.

ಕೊನೆಯದಾಗಿ, ಆರಿಸಿದ್ದು ಸರಿಯೋ ತಪ್ಪೋ ಎಂಬುದನ್ನು ಪ್ಲಗ್ಗೇ ಹೇಳುತ್ತದೆ. ಸ್ವಲ್ಪ ದೂರ ಚೆನ್ನಾಗಿ ಓಡಿಸಿದ ಮೇಲೆ ಎಂಜಿನ್ ತಣಿಯಲು ಬಿಟ್ಟು ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲಿಯೇ ಬಟ್ಟೆಯೊಂದರ ಮೇಲೆ ಸಾಲಾಗಿ ಇರಿಸಿ. ಮೂತಿ ತಿಳಿಗಂದು ಅಥವಾ ಬೂದು ಬಣ್ಣಕ್ಕಿದ್ದರೆ ಹದ ಸರಿಯಿದೆ. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತ ಮೇಲೆ ಈ ಬಣ್ಣ ಮೊದಲಿಗಿಂತ ತಿಳಿಯಾಗಿಯೇ ಇರುತ್ತದೆ. ಒಣ ಕರಿ ಮಸಿಯಿದ್ದರೆ ಪ್ಲಗ್ ತಣ್ಣಗಾಯಿತು ಅಥವಾ ಪೆಟ್ರೋಲು ಹೆಚ್ಚಾಯಿತು. ಎಣ್ಣೆಯ ಜಿಡ್ಡಿದ್ದರೆ ರಿಂಗಿನದೋ ವಾಲ್ವಿನದೋ ದೋಷ. ಅದಕ್ಕೆ ಪ್ಲಗ್ಗನ್ನು ದೂರಬಾರದು. ಮೂತಿ ಬೆಳ್ಳಗೆ ಸುಟ್ಟು, ಗುಳ್ಳೆಯೆದ್ದು, ಲೋಹದ ತುದಿ ಕರಗಿದಂತಿದ್ದರೆ ಅಂದಿಗೆ ಕಾರನ್ನು ಮತ್ತೆ ಓಡಿಸಬೇಡಿ. ಎಲ್ಲವೂ ಒಂದೇ ತೆರನಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ, ತಪ್ಪು ಆಯ್ಕೆಯದಲ್ಲ, ಆ ಸಿಲಿಂಡರಿನದು. ಮೂವತ್ತಾರು ಉತ್ತರಪತ್ರಿಕೆಗಳಲ್ಲಿ ಒಂದು ಮಾತ್ರ ಖಾಲಿ ಬಂದರೆ ಪಾಠವನ್ನು ಬದಲಾಯಿಸುವುದಿಲ್ಲ. ಆ ಹುಡುಗನನ್ನು ಕರೆದು ವಿಚಾರಿಸುತ್ತೇವೆ.